ವಿಳಂಬಕ್ಕೆ ಕಾರಣ

ಆರನೆಯ ದಿನ. ಮೊಯ್ದು ಕಾಕನ ಹೋಟೆಲಿನ ಟೀವಿಯಲ್ಲಿ
ಹಡಗು ಇನ್ನೂ ನಮ್ಮ ಬಂದರಿನಲ್ಲೇ ನಿಂತಿತ್ತು.
ಕಡಲಾಚೆ ದ್ವೀಪವೊಂದು ನಡುಗಿ, ನೀರು ನುಗ್ಗಿ,
ತೆಂಗಿನ ತುದಿಗೆ ದೋಣಿ ಸಿಕ್ಕಿಕೊಂಡದ್ದನ್ನು
ಸುಂಟಿಕೊಪ್ಪದ ನಾವು ಆರು ದಿನದಿಂದ ನೋಡುತ್ತಿದ್ದೆವು,
ಪರೋಟದ ಜೊತೆಗೆ.

ಮೊಣ್ಣಪ್ಪ, ಸೇನೆಯಲ್ಲಿ ಸೇತುವೆ ಕಟ್ಟಿದವರು,
ಮೇಜಿನ ಮೇಲೆ ಬೆಂಕಿಕಡ್ಡಿ ಜೋಡಿಸಿ ತೋರಿಸಿದರು:
"ಒಂಬತ್ತು ಗಂಟೆ. ಹೊಳೆ ಉಕ್ಕುತ್ತಿರುವಾಗ. ರಾತ್ರಿ.
ಇವರಿಗೆ ಡೇರೆ ಹೇರುವುದಕ್ಕೆ ಆರು ದಿನವೋ?"
ಕಡ್ಡಿ ಉರುಳಿತು. ಎಲ್ಲರೂ ನನ್ನತ್ತ ತಿರುಗಿದರು.
"ನೀವು ಸರ್ಕಾರದಲ್ಲಿ ಇದ್ದವರಲ್ಲವಾ, ದಮಯಂತಕ್ಕ, ಹೇಳಿ."

ಇದ್ದೆ, ಹೌದು. ಮಡಿಕೇರಿಯ ಕಚೇರಿಯಲ್ಲಿ
ಮೂವತ್ತೊಂದು ವರ್ಷ. ಕಿಟಕಿಯಾಚೆ ಮಂಜು, ಈಚೆ ಕಡತ.
ಮಂಜಾದರೂ ಹತ್ತು ಗಂಟೆಗೆ ಏಳುತ್ತಿತ್ತು.

ಗುಡ್ಡ ಜಾರಿದ ವರ್ಷ ನನ್ನದು ಪರಿಹಾರದ ಮೇಜು.
ನೂರ ಹನ್ನೆರಡು ಕಂಬಳಿಯ ಪಟ್ಟಿ ನನ್ನ ಮುಂದೆ ಬಂತು.
ಊರಿನ ಹೆಸರು ಒಂದು ಹಾಳೆಯಲ್ಲಿ ದೀರ್ಘ, ಇನ್ನೊಂದರಲ್ಲಿ ಹ್ರಸ್ವ.
ಕೆಂಪು ಶಾಯಿಯಲ್ಲಿ ಬರೆದೆ: 'ಸ್ಪಷ್ಟೀಕರಣ ಕೋರಿ ಹಿಂದಿರುಗಿಸಿದೆ.'
ಆ ಊರು ಆಗ
ಹ್ರಸ್ವವಾಗಿಯೂ ಇರಲಿಲ್ಲ, ದೀರ್ಘವಾಗಿಯೂ ಇರಲಿಲ್ಲ.
ಕೆಸರು.
ಕಡತ ಮರಳಲು ಒಂದು ಹಗಲು, ಒಂದು ರಾತ್ರಿ.
ನಮೂನೆಯ ಕೊನೆಯ ಕಾಲಮ್ಮು: ವಿಳಂಬಕ್ಕೆ ಕಾರಣ.
'ಅನ್ವಯಿಸುವುದಿಲ್ಲ' ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ಆ ರಾತ್ರಿ ಶಾಲೆಯ ಸಿಮೆಂಟಿನ ಮೇಲೆ ಮಲಗಿದವರಲ್ಲಿ
ಪೂವಕ್ಕ ಒಬ್ಬರು. ಈಗ ಭಾನುವಾರದ ಸಂತೆಯಲ್ಲಿ
ಕಣಿಲೆ ಹೆಚ್ಚಿ ಮಾರುತ್ತಾರೆ, ನೀರಲ್ಲಿಟ್ಟು ಕಹಿ ತೆಗೆದದ್ದು.
ನನ್ನನ್ನು ಕಂಡರೆ ಒಂದು ಹಿಡಿ ಹೆಚ್ಚು ಹಾಕುತ್ತಾರೆ.
ಅವರಿಗೆ ಗೊತ್ತಿಲ್ಲ. ಅಥವಾ ಗೊತ್ತಿದೆ.

ಹಾಗಂತ, "ಸರ್ಕಾರದ ಕೆಲಸ ದೇವರ ಕೆಲಸ, ನಿಧಾನವೇ" ಎಂದು
ಮೊಯ್ದು ಕಾಕ ನಕ್ಕಾಗ ನಾನು ನಗಲಿಲ್ಲ.
ಅದೇ ವರ್ಷ, ಅದೇ ವಾರ, ದೊಡ್ಡವರ ಹೆಲಿಕಾಪ್ಟರು ಇಳಿಯಲು
ಮೈದಾನಕ್ಕೆ ಸುಣ್ಣದ ಚಕ್ರ ಬಿದ್ದದ್ದು ಮುಕ್ಕಾಲು ಗಂಟೆಯಲ್ಲಿ.
ಸುಣ್ಣಕ್ಕೆ ಟೆಂಡರು ಕರೆದವರಿಲ್ಲ,
ಮೈದಾನದ ಹೆಸರು ಹ್ರಸ್ವವೋ ದೀರ್ಘವೋ ಕೇಳಿದವರಿಲ್ಲ.
ನಿಧಾನ ಸರ್ಕಾರದ ಹುಟ್ಟುಗುಣವಲ್ಲ, ಮೊಣ್ಣಪ್ಪನವರೇ.
ಅದಕ್ಕೆ ಓಡಲು ಬರುತ್ತದೆ.
ಯಾರು ಕರೆದರೆ ಎಂಬುದಷ್ಟೇ ಪ್ರಶ್ನೆ.

ಆ ದ್ವೀಪದವರಿಗೆ ಇಲ್ಲಿ ಓಟಿಲ್ಲ.

ಇಷ್ಟು ಹೇಳಿ ಕಾಫಿ ಕುಡಿದೆ. ಆರಿತ್ತು.

ಮೊಯ್ದು ಕಾಕ ಬಿಸ್ಕತ್ತಿನ ಡಬ್ಬಿ ಇಳಿಸಿ ಮುಚ್ಚಳ ಸೀಳಿದರು.
ತೋಟದ ಕೆಲಸದವರು ಹತ್ತಿಪ್ಪತ್ತು, ಜೀಪಿನವರು ನೂರು,
ಶಾಲೆಯ ಹುಡುಗಿಯೊಬ್ಬಳು ಗೆಜ್ಜೆ ಹಾಕಿದಳು, ಒಂಟಿ.
ನಾಲ್ಕು ಸಾವಿರದ ಏಳುನೂರ ಮೂವತ್ತು ರೂಪಾಯಿ.
ಹೊಣೆ ನನಗೆ. "ಕಾಗದಪತ್ರ ಅವರಿಗೇ ತಿಳಿಯುವುದು."

ಹೊರದೇಶಕ್ಕೆ ಕಳಿಸಲು ಯಾವ ಖಾತೆ, ಯಾರ ಹೆಸರು,
ಯಾರನ್ನೋ ಕೇಳಬೇಕಿತ್ತು. ಅಷ್ಟರಲ್ಲಿ ನೆಗಡಿ ಬಂತು,
ಅಮ್ಮತ್ತಿಯಲ್ಲೊಂದು ಮದುವೆ ಬಂತು.
ಹದಿನೇಳನೆಯ ದಿನ ಕುಶಾಲನಗರದ ಬಸ್ಸು ಹತ್ತಿದೆ.
ಬ್ಯಾಂಕಿಗೆ ಬೀಗ. ಎರಡನೆಯ ಶನಿವಾರ.
ಎಷ್ಟು ವರ್ಷ ಆ ರಜೆ ನನ್ನದೂ ಆಗಿತ್ತು, ಮರೆತೆನೇ?

ಹಡಗು ಆಗಲೇ ಹೊರಟಾಗಿತ್ತು. ಹನ್ನೊಂದನೆಯ ದಿನ, ಬ್ಯಾಂಡು ಬಾರಿಸಿ.

ಮೆಟ್ಟಿಲ ಮೇಲೆ ಕೂತು ನನ್ನ ಕಡತವನ್ನು ನಾನೇ ಬಿಚ್ಚಿದೆ.
ಇಬ್ಬರದೂ ಒಂದೇ ತಪ್ಪಾ? ಅಲ್ಲ.
ನನ್ನ ಮಡಿಲಲ್ಲಿ ಡಬ್ಬಿ, ಅವರ ಬಂದರಲ್ಲಿ ಹಡಗು.
ತೂಕ ಬೇರೆ.
ತಕ್ಕಡಿ ಬೇರೆ ಮಾಡಲಾರೆ.

ವಾಪಸ್ಸು ಬಸ್ಸಿನಲ್ಲಿ, ಆನೆಕಾಡು ದಾಟುವಾಗ,
ಪ್ರತಿ ತಿರುವಿಗೂ ಚಿಲ್ಲರೆ ಸದ್ದು ಮಾಡಿತು,
ನಡುನಡುವೆ ಆ ಗೆಜ್ಜೆ.
ಪಕ್ಕದ ಸೀಟಿನ ಮಗು ಕೇಳಿತು: "ಅಜ್ಜೀ, ಇದು ಯಾರದ್ದು?"
"ಸೋಮವಾರ ಕೊಡುತ್ತೇನೆ" ಎಂದೆ.